ಪಂಪುಮನೆಯ ಸರ್ಕ್ಯೂಟ್ ನಕ್ಷೆ: ಕಂಪ್ಯೂಟರಿನಲ್ಲಿ ಬರೆದಿಟ್ಟುಕೊಳ್ಳುವ ಬಗೆ

ರೊಬಸ್ಟಾ ಕಾಫಿ ಬೆಳೆಗಾರರಿಗೆ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳ ಮಹತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ. ಹೂಮಳೆ ಸಕಾಲಕ್ಕೆ ಬಾರದಿದ್ದರೆ ತುಂತುರು ನೀರಾವರಿಯಿಂದ ಒಂದರಿಂದ ಒಂದೂವರೆ ಅಂಗುಲದಷ್ಟು ನೀರು ಕೊಟ್ಟು ಹೂ ಅರಳಿಸಬೇಕಾಗುತ್ತದೆ. ಒಂದು ಎಕರೆಗೆ ಒಂದು ಅಂಗುಲ ನೀರೆಂದರೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು. ಇಷ್ಟು ನೀರನ್ನು ಕೆರೆಯಿಂದ ಗುಡ್ಡಕ್ಕೆ ಏರಿಸಲು ಪಂಪು ಹಗಲು ರಾತ್ರಿ ಓಡಬೇಕು. ಅರೆಬರೆ ನೀರು ಸಿಕ್ಕಿದ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಅಲ್ಲಿಗೆ ಆ ವರ್ಷದ ಫಸಲಿನ ಒಂದು ಪಾಲು ಹೋದಂತೆಯೇ.

ಕಳಸದ ಕಡೆಯ ಒಂದು ತೋಟದಲ್ಲಿ ನಾನು ಕಂಡ ಸಂಗತಿಯನ್ನು ಇಲ್ಲಿ ಹೇಳುವುದು ಸೂಕ್ತ. ಮಾರ್ಚ್ ತಿಂಗಳ ಒಂದು ರಾತ್ರಿ 15 ಅಶ್ವಶಕ್ತಿಯ ಪಂಪು ತಾನಾಗಿಯೇ ನಿಂತಿತು. ಹಸಿರು ಗುಂಡಿ ಒತ್ತಿದರೆ ಸದ್ದಿಲ್ಲ. ಸ್ಟಾರ್ಟರ್ ಪೆಟ್ಟಿಗೆಯನ್ನು ಕೂಡಿಸಿಕೊಟ್ಟಿದ್ದ ಎಲೆಕ್ಟ್ರಿಷಿಯನ್ ಊರು ಬಿಟ್ಟು ಎರಡು ವರ್ಷವಾಗಿತ್ತು. ಮರುದಿನ ಬೇರೊಬ್ಬರು ಬಂದು ಪೆಟ್ಟಿಗೆಯ ಬಾಗಿಲು ತೆಗೆದರು. ಒಳಗೆ ನಲವತ್ತಕ್ಕೂ ಹೆಚ್ಚು ತಂತಿಗಳು, ಎಲ್ಲವೂ ಕಪ್ಪು ಬಣ್ಣದವು, ಒಂದಕ್ಕೂ ಗುರುತಿಲ್ಲ. ಒಂದೊಂದೇ ತಂತಿಯನ್ನು ಹಿಡಿದು ಹುಡುಕುತ್ತಾ ಹೋಗಿ ದೋಷ ಸಿಕ್ಕಿದ್ದು ಮೂರನೆಯ ದಿನ. ಕೆರೆಯ ದಂಡೆಯ ಮೇಲಿದ್ದ ಇನ್ನೊಂದು ಸ್ಟಾಪ್ ಗುಂಡಿಗೆ ಹೋಗುವ ತಂತಿಯನ್ನು ಇಲಿ ಕಡಿದಿತ್ತು! ಅಂತಹ ಒಂದು ಗುಂಡಿ ಇದೆ ಎಂಬುದೇ ಹೊಸ ರೈಟರಿಗೆ ತಿಳಿದಿರಲಿಲ್ಲ. ದುರಸ್ತಿಗೆ ತಗುಲಿದ ಖರ್ಚು ಅಲ್ಪ. ಆದರೆ ಅರ್ಧ ತೋಟ ನೆನೆದು ಅರ್ಧ ಒಣಗಿದ್ದರಿಂದ ಹೂ ಎರಡು ಕಂತಿನಲ್ಲಿ ಅರಳಿತು.

ಆ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಒಂದು ಹಾಳೆ ನಕ್ಷೆ ಅಂಟಿಸಿದ್ದರೆ ಇದು ಅರ್ಧ ಗಂಟೆಯ ಕೆಲಸವಾಗುತ್ತಿತ್ತು. ಅಂತಹ ನಕ್ಷೆಯನ್ನು ಕಂಪ್ಯೂಟರ್ ತಂತ್ರಾಂಶದ ನೆರವಿನಿಂದ ಬರೆಯುವುದು ಹೇಗೆ, ಬರೆಯುವಾಗ ಎಲ್ಲಿ ಎಚ್ಚರವಿಡಬೇಕು ಎಂಬುದನ್ನು ಈ ಪಾಠದಲ್ಲಿ ನೋಡೋಣ. ಬೆಳೆಗಾರರೇ ಎಲೆಕ್ಟ್ರಿಷಿಯನ್ ಆಗಬೇಕೆಂಬುದು ಇದರ ಉದ್ದೇಶವಲ್ಲ. ವೈರಿಂಗ್ ಕೆಲಸವನ್ನು ಪರವಾನಗಿ ಪಡೆದವರಿಂದಲೇ ಮಾಡಿಸತಕ್ಕದ್ದು. ನಕ್ಷೆ ಮಾತ್ರ ತೋಟದ ಆಸ್ತಿಯಾಗಿ ತೋಟದಲ್ಲೇ ಉಳಿಯಬೇಕು.

ಕಾಗದದಿಂದಲೇ ಆರಂಭ

ಕಂಪ್ಯೂಟರಿನ ಮುಂದೆ ಕುಳಿತ ಕೂಡಲೇ ನಕ್ಷೆ ಬರೆಯಲು ತೊಡಗುವುದು ಎಲ್ಲರೂ ಮಾಡುವ ಮೊದಲ ತಪ್ಪು. ಹಾಗೆ ಬರೆದದ್ದು ಪುಸ್ತಕದಲ್ಲಿರುವ ಸ್ಟಾರ್ಟರಿನ ನಕ್ಷೆಯಾಗುತ್ತದೆಯೇ ಹೊರತು ನಮ್ಮ ಪಂಪುಮನೆಯ ನಕ್ಷೆಯಾಗುವುದಿಲ್ಲ. ವರ್ಷಗಳು ಕಳೆದಂತೆ ಪೆಟ್ಟಿಗೆಯೊಳಗೆ ಏನೇನೋ ಸೇರಿಕೊಂಡಿರುತ್ತದೆ: ಒಂದು ಸಿಂಗಲ್ ಫೇಸ್ ಪ್ರಿವೆಂಟರ್, ಮೊಬೈಲಿನಿಂದ ಚಾಲೂ ಮಾಡುವ ಸಾಧನ, ತೊಟ್ಟಿಯ ತೇಲುಗುಂಡಿನ ಸ್ವಿಚ್ಚು, ಯಾರೋ ತುರ್ತಿಗೆಂದು ಹಾಕಿ ಮರೆತ ಅಡ್ಡತಂತಿ. ಇರುವುದನ್ನು ಇರುವಂತೆಯೇ ಬರೆಯಬೇಕು. ತಪ್ಪು ಕಂಡರೂ ಮೊದಲು ತಪ್ಪನ್ನೇ ಬರೆದು, ಸರಿಪಡಿಸಿದ ಮೇಲೆ ನಕ್ಷೆಯನ್ನು ತಿದ್ದತಕ್ಕದ್ದು.

ಪೆಟ್ಟಿಗೆ ತೆರೆಯುವ ಮುನ್ನ ಮೈನ್ ಸ್ವಿಚ್ಚನ್ನು ಆರಿಸಿ, ಮೂರೂ ಫ್ಯೂಸ್ ಕ್ಯಾರಿಯರುಗಳನ್ನು ಕಿತ್ತು, ಅವನ್ನು ಕೆಲಸ ಮಾಡುವವರು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಮೊಬೈಲಿನಿಂದ ಚಾಲೂ ಆಗುವ ಪಂಪುಗಳಲ್ಲಂತೂ ಇದು ಪ್ರಾಣದ ಪ್ರಶ್ನೆ. ಯಜಮಾನರು ಚಿಕ್ಕಮಗಳೂರಿನಲ್ಲಿ ಕುಳಿತು ಗುಂಡಿ ಒತ್ತಿದಾಗ ಇಲ್ಲಿ ಪೆಟ್ಟಿಗೆಯೊಳಗೆ ಯಾರ ಕೈ ಇದೆಯೋ ಅವರಿಗೆ ಕಾಣುವುದಿಲ್ಲ. ಕೆಪಾಸಿಟರ್ ಇದ್ದರೆ ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು. ಎಲೆಕ್ಟ್ರಿಷಿಯನ್ ಅದನ್ನು ಬರಿದು ಮಾಡಿ, ಎಲ್ಲೂ ಕರೆಂಟಿಲ್ಲವೆಂದು ಮೀಟರಿನಿಂದ ಖಚಿತಪಡಿಸಿದ ನಂತರವೇ ತಂತಿ ಮುಟ್ಟಬೇಕು.

ಅನಂತರ ಮೊಬೈಲಿನಲ್ಲಿ ಪೆಟ್ಟಿಗೆಯ ನಾಲ್ಕಾರು ಚಿತ್ರ ತೆಗೆಯಿರಿ. ಮೋಟಾರಿನ ಹೆಸರು ಫಲಕದಲ್ಲಿರುವ ಅಶ್ವಶಕ್ತಿ, ವೋಲ್ಟ್, ಆಂಪಿಯರ್, ಸುತ್ತುಗಳ ಸಂಖ್ಯೆ ಇವನ್ನು ಗುರುತು ಮಾಡಿಕೊಳ್ಳಿ. ಪಂಪುಮನೆಯ ತೇವಕ್ಕೆ ಫಲಕ ತುಕ್ಕು ಹಿಡಿದಿದ್ದರೆ ಸೀಮೆಸುಣ್ಣ ತಿಕ್ಕಿದಾಗ ಅಕ್ಷರಗಳು ಏಳುತ್ತವೆ. ಒಬ್ಬರು ತಂತಿ ಹಿಡಿದು ಎಲ್ಲಿಂದ ಎಲ್ಲಿಗೆಂದು ಹೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಸ್ಟಾರ್-ಡೆಲ್ಟಾ ಪೆಟ್ಟಿಗೆಯೊಂದಕ್ಕೆ ಈ ಕೆಲಸ ಅರ್ಧ ದಿನ ಹಿಡಿಯುತ್ತದೆ. ಜುಲೈ ತಿಂಗಳ ಮಳೆಯಲ್ಲಿ, ಪಂಪಿಗೆ ಕೆಲಸವಿಲ್ಲದಾಗ, ಇದನ್ನು ಮಾಡಿಕೊಳ್ಳುವುದು ಉತ್ತಮ.

ಯಾವ ತಂತ್ರಾಂಶ?

ಕಾರ್ಖಾನೆಗಳಲ್ಲಿ ಇಪ್ಲಾನ್, ಆಟೋಕ್ಯಾಡ್ ಎಲೆಕ್ಟ್ರಿಕಲ್ ಮುಂತಾದ ಬೆಲೆಬಾಳುವ ತಂತ್ರಾಂಶಗಳನ್ನು ಬಳಸುತ್ತಾರೆ. ನಮ್ಮ ಕೆಲಸಕ್ಕೆ ಅವು ಬೇಕಿಲ್ಲ. ಕ್ಯೂ-ಎಲೆಕ್ಟ್ರೋಟೆಕ್ ಎಂಬ ಉಚಿತ, ಮುಕ್ತ ತಂತ್ರಾಂಶ ಸಾಕು. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಸಾಧಾರಣ ಲ್ಯಾಪ್‌ಟಾಪೇ ಸಾಕಾಗುತ್ತದೆ. ನಕ್ಷೆಯ ಕಡತ ಚಿಕ್ಕದಾದ್ದರಿಂದ ವಾಟ್ಸಾಪಿನಲ್ಲಿ ಕಳುಹಿಸಲೂ ಸುಲಭ. ಮನೆಯಲ್ಲಿ ಡಿಪ್ಲೊಮಾ ಅಥವಾ ಐ.ಟಿ.ಐ. ಓದುತ್ತಿರುವ ಮಕ್ಕಳಿದ್ದರೆ ಒಂದೆರಡು ದಿನಗಳಲ್ಲಿ ಕೈ ಕೂರುತ್ತದೆ.

ಒಂದು ಮಾತು ನೆನಪಿರಲಿ: ಈ ತಂತ್ರಾಂಶ ನಕ್ಷೆಯನ್ನು ಬರೆಯುತ್ತದೆ, ಪರೀಕ್ಷಿಸುವುದಿಲ್ಲ. ತಪ್ಪಾಗಿ ಬರೆದರೆ ಅಂದವಾಗಿ ತಪ್ಪು ಮೂಡುತ್ತದೆ. ಸರ್ಕ್ಯೂಟು ಓಡುತ್ತದೆಯೇ ಎಂದು ಪರದೆಯ ಮೇಲೆಯೇ ನೋಡಬೇಕೆನ್ನುವವರು ಕೇಡ್-ಸಿಮು ಎಂಬ ಇನ್ನೊಂದು ಉಚಿತ ತಂತ್ರಾಂಶವನ್ನು ಬಳಸಬಹುದು. ಅದರಲ್ಲಿ ಗುಂಡಿ ಒತ್ತಿದರೆ ಕಾಂಟ್ಯಾಕ್ಟರ್ ಎಳೆಯುವುದೂ ಮೋಟಾರು ತಿರುಗುವುದೂ ಚಿತ್ರದಲ್ಲಿ ಕಾಣುತ್ತದೆ. ಸ್ಟಾರ್ ಮತ್ತು ಡೆಲ್ಟಾ ಕಾಂಟ್ಯಾಕ್ಟರುಗಳೆರಡೂ ಒಟ್ಟಿಗೆ ಎಳೆದರೆ ಮೂರು ಫೇಸುಗಳೂ ಒಂದಕ್ಕೊಂದು ತಾಗಿ ಸಿಡಿಯುತ್ತವೆ. ಒಂದು ಎಳೆದಿರುವಾಗ ಇನ್ನೊಂದು ಎಳೆಯದಂತೆ ತಡೆ ಇದೆಯೇ ಎಂಬುದನ್ನು ಪೆಟ್ಟಿಗೆ ಸುಡದೆ ಪರೀಕ್ಷಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಎರಡು ಹಾಳೆಗಳು

ಕ್ಯೂ-ಎಲೆಕ್ಟ್ರೋಟೆಕ್‌ನಲ್ಲಿ ಒಂದೊಂದು ಪುಟಕ್ಕೂ ಫೋಲಿಯೋ ಎಂದು ಹೆಸರು. ಪುಟದ ಮೇಲ್ಗಡೆ ಅಂಕಣಗಳ ಸಂಖ್ಯೆಯೂ ಬದಿಯಲ್ಲಿ ಸಾಲುಗಳ ಅಕ್ಷರವೂ ಇರುತ್ತವೆ. ಇವು ಅಲಂಕಾರಕ್ಕಲ್ಲ. "ಎರಡನೆಯ ಪುಟದ ಬಿ-4ರಲ್ಲಿ ನೋಡಿ" ಎಂದು ಫೋನಿನಲ್ಲಿ ಹೇಳಲು ಅನುಕೂಲವಾಗಲೆಂದೇ ಹಾಕಿರುವುದು.

ಮೊದಲ ಪುಟದಲ್ಲಿ ಶಕ್ತಿ ಸರ್ಕ್ಯೂಟನ್ನು ಬರೆಯಿರಿ. ಟಿ.ಸಿ.ಯಿಂದ ಬರುವ ಮೂರು ಫೇಸುಗಳು, ಮೀಟರು, ಮೈನ್ ಸ್ವಿಚ್ಚು, ಫ್ಯೂಸುಗಳು, ಕಾಂಟ್ಯಾಕ್ಟರುಗಳ ದಪ್ಪ ಕಾಂಟ್ಯಾಕ್ಟುಗಳು, ಓವರ್‌ಲೋಡ್ ರಿಲೇ, ಮೋಟಾರು ಇಷ್ಟೂ ಇಲ್ಲಿ ಮೇಲಿನಿಂದ ಕೆಳಕ್ಕೆ ಬರಬೇಕು. ಎರಡನೆಯ ಪುಟದಲ್ಲಿ ಹತೋಟಿ ಸರ್ಕ್ಯೂಟು: ಗುಂಡಿಗಳು, ಕಾಯಿಲುಗಳು, ಟೈಮರು, ತೇಲುಗುಂಡಿನ ಸ್ವಿಚ್ಚು. ಎರಡನ್ನೂ ಒಂದೇ ಪುಟದಲ್ಲಿ ತುರುಕಿದರೆ ಬರೆದವರಿಗೆ ಮಾತ್ರ ಅರ್ಥವಾಗುವ ನಕ್ಷೆಯಾಗುತ್ತದೆ. ಆರು ತಿಂಗಳ ನಂತರ ಅವರಿಗೂ ಆಗದು.

ಬದಿಯ ಪಟ್ಟಿಯಲ್ಲಿ ಬಿಡಿಭಾಗಗಳ ಸಂಕೇತಗಳ ಸಂಗ್ರಹವಿದೆ. ಬೇಕಾದದ್ದನ್ನು ಮೌಸಿನಿಂದ ಎಳೆದು ಹಾಳೆಯ ಮೇಲೆ ಬಿಡಬೇಕು. ಅಡ್ಡಲಾಗಿದ್ದರೆ ಸ್ಪೇಸ್ ಕೀಲಿ ಒತ್ತಿದಾಗ ತಿರುಗುತ್ತದೆ. ಒಂದರ ತುದಿಯಿಂದ ಇನ್ನೊಂದರ ತುದಿಗೆ ಮೌಸನ್ನು ಎಳೆದರೆ ತಂತಿ ಮೂಡುತ್ತದೆ. ಆಮೇಲೆ ಬಿಡಿಭಾಗವನ್ನು ಸರಿಸಿದರೂ ತಂತಿ ಅಂಟಿಕೊಂಡೇ ಬರುತ್ತದೆ. ಸಾಮಾನ್ಯ ಚಿತ್ರ ಬರೆಯುವ ತಂತ್ರಾಂಶಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೇ ಇದು. ಇಲ್ಲಿ ಗೆರೆ ಬರಿಯ ಗೆರೆಯಲ್ಲ, ಎರಡು ತುದಿಯುಳ್ಳ ತಂತಿ. ಸಂಗ್ರಹದಲ್ಲಿ ಬೇರೆ ಬೇರೆ ದೇಶಗಳ ಪದ್ಧತಿಯ ಸಂಕೇತಗಳು ಬೆರೆತಿವೆ. ಐ.ಇ.ಸಿ. 60617 ಎಂಬ ಅಂತರರಾಷ್ಟ್ರೀಯ ಮಾನಕದ ಸಂಕೇತಗಳನ್ನೇ ಕೊನೆಯವರೆಗೆ ಬಳಸಿ. ನಮ್ಮ ಪಾಲಿಟೆಕ್ನಿಕ್‌ಗಳಲ್ಲಿ ಕಲಿತವರಿಗೆ ಪರಿಚಯವಿರುವುದು ಅವೇ.

ಹೆಸರು ಮತ್ತು ಸಂಖ್ಯೆ

ನಕ್ಷೆಯ ಜೀವ ಇರುವುದು ಚಿತ್ರದಲ್ಲಲ್ಲ, ಹೆಸರು ಮತ್ತು ಸಂಖ್ಯೆಗಳಲ್ಲಿ. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ಪ್ರತಿ ಬಿಡಿಭಾಗಕ್ಕೂ ಒಂದು ಗುರುತು ಕೊಡಿ: ಮುಖ್ಯ ಕಾಂಟ್ಯಾಕ್ಟರ್ ಕೆ1, ಸ್ಟಾರ್ ಕೆ2, ಡೆಲ್ಟಾ ಕೆ3, ಟೈಮರ್ ಕೆ4, ಓವರ್‌ಲೋಡ್ ರಿಲೇ ಎಫ್2, ಮೋಟಾರು ಎಂ1, ಸ್ಟಾಪ್ ಗುಂಡಿ ಎಸ್1, ಸ್ಟಾರ್ಟ್ ಗುಂಡಿ ಎಸ್2. ಅದೇ ಗುರುತನ್ನು ಪೆಟ್ಟಿಗೆಯೊಳಗೂ ಅಳಿಸದ ಶಾಯಿಯಿಂದ ಬರೆದು ಅಂಟಿಸಬೇಕು. ಕಾಂಟ್ಯಾಕ್ಟರಿನ ಮೈಮೇಲೆಯೇ ಟರ್ಮಿನಲ್ ಸಂಖ್ಯೆಗಳು ಅಚ್ಚಾಗಿರುತ್ತವೆ: ಕಾಯಿಲಿಗೆ ಎ1 ಮತ್ತು ಎ2, ಸಹಾಯಕ ಕಾಂಟ್ಯಾಕ್ಟಿಗೆ ಸಾಮಾನ್ಯವಾಗಿ 13 ಮತ್ತು 14. ಓವರ್‌ಲೋಡ್ ರಿಲೇಯಲ್ಲಿ 95 ಮತ್ತು 96 ಎಂಬುದು ಮಾಮೂಲಿಯಾಗಿ ಕೂಡಿಕೊಂಡಿದ್ದು, ರಿಲೇ ಬಿದ್ದಾಗ ಬಿಚ್ಚಿಕೊಳ್ಳುವ ಕಾಂಟ್ಯಾಕ್ಟು. ಈ ಸಂಖ್ಯೆಗಳನ್ನು ನಕ್ಷೆಯಲ್ಲಿ ತಪ್ಪದೆ ನಮೂದಿಸಿ.

ಇನ್ನು ತಂತಿಗಳ ಸಂಖ್ಯೆ. ನಿಯಮ ಒಂದೇ: ತಂತಿ ಒಂದು ಬಿಡಿಭಾಗವನ್ನು ದಾಟಿದ ಕೂಡಲೇ ಸಂಖ್ಯೆ ಬದಲಾಗಬೇಕು, ದಾಟದಿದ್ದರೆ ಎಷ್ಟು ಕವಲೊಡೆದರೂ ಅದೇ ಸಂಖ್ಯೆ ಇರಬೇಕು. ಉದಾಹರಣೆಗೆ, ಆರ್ ಫೇಸಿನಿಂದ ಹತೋಟಿ ಫ್ಯೂಸನ್ನು ದಾಟಿದ ತಂತಿ 1. ಅದು ಓವರ್‌ಲೋಡ್ ರಿಲೇಯ 95-96ನ್ನು ದಾಟಿದ ಮೇಲೆ 2. ಸ್ಟಾಪ್ ಗುಂಡಿಯನ್ನು ದಾಟಿದರೆ 3. ಸ್ಟಾರ್ಟ್ ಗುಂಡಿಯನ್ನು ದಾಟಿ ಕೆ1ರ ಕಾಯಿಲಿನ ಎ1ಕ್ಕೆ ಹೋಗುವುದು 4. ಕಾಯಿಲಿನ ಎ2ರಿಂದ ವೈ ಫೇಸಿಗೆ ಹಿಂದಿರುಗುವುದು 0. ಗುಂಡಿಯಿಂದ ಬೆರಳು ತೆಗೆದ ಮೇಲೂ ಪಂಪು ಓಡುತ್ತಲೇ ಇರುವಂತೆ ಹಿಡಿದಿಡುವ ಕೆ1ರ 13-14 ಕಾಂಟ್ಯಾಕ್ಟು 3 ಮತ್ತು 4ರ ನಡುವೆ ಬರುತ್ತದೆ. ಕ್ಯೂ-ಎಲೆಕ್ಟ್ರೋಟೆಕ್‌ನಲ್ಲಿ ಒಂದು ತಂತಿಗೆ ಸಂಖ್ಯೆ ಕೊಟ್ಟರೆ, ಅದಕ್ಕೆ ಕೂಡಿದ ಎಲ್ಲ ಕವಲುಗಳಿಗೂ ಅದೇ ಸಂಖ್ಯೆ ಹಾಕಲೇ ಎಂದು ಕೇಳುತ್ತದೆ. ಹೌದೆನ್ನಿ. ತಂತ್ರಾಂಶ ತಾನಾಗಿಯೇ ಸಂಖ್ಯೆ ಹಾಕುವ ಸೌಕರ್ಯವೂ ಇದೆ. ಆದರೆ ಹಳೆಯ ಪೆಟ್ಟಿಗೆಯಲ್ಲಿ ಮೊದಲೇ ಸಂಖ್ಯೆಯ ಉಂಗುರಗಳಿದ್ದರೆ ಅವನ್ನೇ ಉಳಿಸಿಕೊಳ್ಳಬೇಕು. ಪೆಟ್ಟಿಗೆಯಲ್ಲಿ ಒಂದು ಸಂಖ್ಯೆ, ಕಾಗದದಲ್ಲಿ ಇನ್ನೊಂದು ಸಂಖ್ಯೆ ಇರುವುದಕ್ಕಿಂತ ನಕ್ಷೆಯೇ ಇಲ್ಲದಿರುವುದು ವಾಸಿ.

ಕಾಯಿಲು ಎರಡನೆಯ ಪುಟದಲ್ಲಿ, ಅದರ ಕಾಂಟ್ಯಾಕ್ಟುಗಳು ಮೊದಲ ಪುಟದಲ್ಲಿ ಇರುತ್ತವಷ್ಟೆ. ಇವೆರಡೂ ಒಂದೇ ಕಾಂಟ್ಯಾಕ್ಟರಿನ ಅಂಗಗಳೆಂದು ತಂತ್ರಾಂಶಕ್ಕೆ ತಿಳಿಸಬೇಕು. ಕಾಂಟ್ಯಾಕ್ಟಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ, ಅದರ ಒಡೆಯನಾದ ಕಾಯಿಲನ್ನು ಆರಿಸಿ ಜೋಡಿಸಿದರೆ ಯಾವ ಕಾಂಟ್ಯಾಕ್ಟು ಯಾವ ಪುಟದ ಯಾವ ಮನೆಯಲ್ಲಿದೆ ಎಂಬ ಪಟ್ಟಿ ಕಾಯಿಲಿನ ಕೆಳಗೆ ತಾನಾಗಿಯೇ ಮೂಡುತ್ತದೆ. ಹೊಸಬರು ಈ ಹೆಜ್ಜೆಯನ್ನು ಬಿಟ್ಟುಬಿಡುವುದುಂಟು. ದೋಷ ಹುಡುಕುವಾಗ ಹೆಚ್ಚು ಸಮಯ ಉಳಿಸುವುದು ಈ ಪಟ್ಟಿಯೇ.

ನಕ್ಷೆ ತೋರಿಸಿಕೊಡುವ ಅಪಾಯ

ಮೇಲಿನ ಉದಾಹರಣೆಯನ್ನು ಇನ್ನೊಮ್ಮೆ ನೋಡಿ. ಕಾಯಿಲು ಆರ್ ಮತ್ತು ವೈ ಫೇಸುಗಳ ನಡುವೆ ಇದೆ. ನಮ್ಮ ಕಡೆಯ ಪಂಪು ಸ್ಟಾರ್ಟರುಗಳಲ್ಲಿ ಹೀಗೆ ಎರಡು ಫೇಸುಗಳ ನಡುವೆ 415 ವೋಲ್ಟಿನಲ್ಲಿ ನಡೆಯುವ ಕಾಯಿಲುಗಳೇ ಹೆಚ್ಚು. ಪಂಪು ಓಡುತ್ತಿರುವಾಗ ಆರ್ ಅಥವಾ ವೈ ಹೋದರೆ ಕಾಯಿಲು ಬಿಟ್ಟು ಪಂಪು ನಿಲ್ಲುತ್ತದೆ. ಆದರೆ ಬಿ ಫೇಸು ಮಾತ್ರ ಹೋದರೆ? ಸಿಲ್ವರ್ ಓಕ್ ಕೊಂಬೆ ಬಿದ್ದು ಒಂದೇ ತಂತಿ ತುಂಡಾಗುವುದು ಮಲೆನಾಡಿನಲ್ಲಿ ಹೊಸದೇನಲ್ಲ. ಆಗ ಕಾಯಿಲಿಗೆ ಏನೂ ತಿಳಿಯುವುದಿಲ್ಲ. ಅದು ಹಿಡಿದೇ ಇರುತ್ತದೆ. ಮೋಟಾರು ಎರಡು ಫೇಸಿನಲ್ಲೇ ಮುಲುಗುತ್ತಾ ಓಡುತ್ತದೆ. ಪ್ರಿವೆಂಟರ್ ಇಲ್ಲದಿದ್ದರೆ ಉಳಿದಿರುವ ಕಾವಲು ಓವರ್‌ಲೋಡ್ ರಿಲೇ ಒಂದೇ.

ಈಗ ಮೊದಲ ಪುಟಕ್ಕೆ ಹೋಗಿ ಆ ರಿಲೇ ಎಲ್ಲಿದೆಯೆಂದು ನೋಡಬೇಕು. ಸ್ಟಾರ್-ಡೆಲ್ಟಾ ಸ್ಟಾರ್ಟರುಗಳಲ್ಲಿ ಅದು ಸಾಮಾನ್ಯವಾಗಿ ಮುಖ್ಯ ಕಾಂಟ್ಯಾಕ್ಟರಿನ ಕೆಳಗೆ, ಮೋಟಾರಿಗೆ ಹೋಗುವ ಮೂರು ತಂತಿಗಳಲ್ಲಿ ಇರುತ್ತದೆ. ಅಲ್ಲಿ ಹರಿಯುವುದು ಲೈನಿನ ಪೂರ್ತಿ ಕರೆಂಟಲ್ಲ, ಅದರ ಶೇಕಡ 58 ಭಾಗ ಮಾತ್ರ. 15 ಅಶ್ವಶಕ್ತಿಯ ಮೋಟಾರಿನ ಫಲಕದಲ್ಲಿ 21 ಆಂಪಿಯರ್ ಎಂದಿದ್ದರೆ ರಿಲೇಯನ್ನು ಸುಮಾರು 12ಕ್ಕೆ ಇಡಬೇಕು. ಫಲಕ ನೋಡಿ ನೇರವಾಗಿ 21ಕ್ಕೆ ತಿರುಗಿಸಿರುವ ಪೆಟ್ಟಿಗೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. "ಹನ್ನೆರಡಕ್ಕೆ ಇಟ್ಟರೆ ಪದೇ ಪದೇ ಬೀಳುತ್ತೆ ಸಾರ್" ಎಂಬ ಸಮಾಧಾನವೂ ಜೊತೆಗಿರುತ್ತದೆ. ಪದೇ ಪದೇ ಬೀಳುತ್ತಿದ್ದರೆ ಪಂಪಿನಲ್ಲೋ ವೋಲ್ಟೇಜಿನಲ್ಲೋ ದೋಷವಿದೆ ಎಂದರ್ಥ. ರಿಲೇ ತನ್ನ ಕೆಲಸ ಮಾಡುತ್ತಿದೆ.

ಒಂದು ಫೇಸು ಹೋದಾಗ ಅದೇ ಹೊರೆಯನ್ನು ಎಳೆಯಲು ಲೈನಿನ ಕರೆಂಟು ಸುಮಾರು 36 ಆಂಪಿಯರಿಗೆ ಏರುತ್ತದೆ. ಡೆಲ್ಟಾದಲ್ಲಿರುವ ಮೂರು ಸುರುಳಿಗಳಲ್ಲಿ ಒಂದರ ಮೇಲೆ ಅದರ ಮೂರರಲ್ಲಿ ಎರಡು ಪಾಲು, ಅಂದರೆ 24 ಆಂಪಿಯರ್ ಬೀಳುತ್ತದೆ. ಆ ಸುರುಳಿ ತಡೆಯಬಲ್ಲದ್ದು 12. ಅದು ಇಮ್ಮಡಿ ಹೊರೆ ಹೊತ್ತು ಕಾಯುತ್ತಿರುವಾಗ 21ಕ್ಕೆ ಇಟ್ಟ ರಿಲೇಗೆ 24 ಆಂಪಿಯರ್ ಒಂದಿಷ್ಟು ಹೆಚ್ಚಾಯಿತೆಂದಷ್ಟೇ ಅನಿಸುತ್ತದೆ. ಬೀಳಲು ಬಹಳ ಹೊತ್ತು ತೆಗೆದುಕೊಳ್ಳಬಹುದು. 12ಕ್ಕೆ ಇಟ್ಟಿದ್ದರೆ ಸುರುಳಿ ಸುಡುವ ಮುನ್ನ ಬೀಳುತ್ತಿತ್ತು. ರಾತ್ರಿ ಪಾಳಿಯವನು ಬೆಳಿಗ್ಗೆ ಸುಟ್ಟ ವಾರ್ನಿಷಿನ ವಾಸನೆ ಹಿಡಿದು ಓಡಿಬರುವ ಕಥೆಯ ಹಿಂದೆ ಅನೇಕ ವೇಳೆ ಇರುವುದು ಇಷ್ಟೇ.

ಆದ್ದರಿಂದ ನಕ್ಷೆಯಲ್ಲಿ ರಿಲೇಯ ಪಕ್ಕದಲ್ಲೇ "12 ಆಂಪಿಯರಿಗೆ ಇಡಬೇಕು" ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ರಿಲೇ ಬೇರೆ ಜಾಗದಲ್ಲಿ, ಅಂದರೆ ಲೈನಿನ ಕಡೆಯಲ್ಲೇ, ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಅದನ್ನು ತಿಳಿಯುವುದಕ್ಕೂ ನಕ್ಷೆಯೇ ಬೇಕು. ಪ್ರಿವೆಂಟರ್ ಇದ್ದರೆ ಅದರ ಕಾಂಟ್ಯಾಕ್ಟು ನಿಜವಾಗಿಯೂ ಕಾಯಿಲಿನ ಸಾಲಿನಲ್ಲಿದೆಯೇ ಅಥವಾ ಯಾರಾದರೂ ಅಡ್ಡತಂತಿ ಹಾಕಿ ಅದನ್ನು ನಿರುಪಯೋಗ ಮಾಡಿದ್ದಾರೆಯೇ ಎಂಬುದೂ ಬರೆಯುವಾಗ ಹೊರಬೀಳುತ್ತದೆ.

ಜನರೇಟರಿನ ಹಾಳೆ

ಪಲ್ಪರ್ ಇರುವ ತೋಟಗಳಲ್ಲಿ ಮೂರನೆಯ ಹಾಳೆಯೊಂದು ಬೇಕಾಗುತ್ತದೆ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕಾದುದರಿಂದ ಕರೆಂಟು ಹೋದರೆ ಜನರೇಟರ್ ಹಾಕುತ್ತೇವೆ. ಲೈನು ಮತ್ತು ಜನರೇಟರ್ ಎರಡೂ ಎಲ್ಲಿ ಸೇರುತ್ತವೆ ಎಂಬುದನ್ನು ಬರೆದು ನೋಡಿ. ಅಲ್ಲಿ ಒಂದೇ ಹಿಡಿಯ, ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ತಾನಾಗಿ ಬಿಡುವ ಚೇಂಜ್‌ಓವರ್ ಸ್ವಿಚ್ಚು ಇರಲೇಬೇಕು. ಮೂರು ಫೇಸುಗಳ ಜೊತೆಗೆ ನ್ಯೂಟ್ರಲನ್ನೂ ಬದಲಿಸುವ ನಾಲ್ಕು ಕಂಬಿಯ ಸ್ವಿಚ್ಚು ಉತ್ತಮ. ಬೇರೆ ಬೇರೆ ಎರಡು ಮೈನ್ ಸ್ವಿಚ್ಚು ಇಟ್ಟುಕೊಂಡು "ಒಂದನ್ನು ತೆಗೆದೇ ಇನ್ನೊಂದನ್ನು ಹಾಕುತ್ತೇವೆ" ಎನ್ನುವ ಏರ್ಪಾಡು ನಕ್ಷೆಯಲ್ಲಿ ಕಂಡರೆ ಅಂದೇ ಬದಲಿಸಿ. ಒಂದು ಸಂಜೆ ಮರೆತರೆ ಜನರೇಟರಿನ 415 ವೋಲ್ಟು ಟಿ.ಸಿ.ಯ ಮೂಲಕ ಹಿಂದಕ್ಕೆ ಹರಿದು ಹೊರಗಿನ ಲೈನಿನಲ್ಲಿ 11,000 ವೋಲ್ಟಾಗುತ್ತದೆ. ಬಿದ್ದ ಮರ ಕಡಿದು ತಂತಿ ಕಟ್ಟಲು ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮ್ಯಾನ್ ಆ ಲೈನು ಸತ್ತಿದೆಯೆಂದೇ ನಂಬಿರುತ್ತಾನೆ.

ಇದೇ ಹಾಳೆಯ ಜೊತೆಗೆ ತೋಟದ ಒಂದು ಕೈಬರಹದ ನಕಾಶೆಯನ್ನು ಚಿತ್ರವಾಗಿ ಸೇರಿಸಬಹುದು. ತೋಟದೊಳಗೆ ಹಾದುಹೋಗುವ ವಿದ್ಯುತ್ ಲೈನುಗಳು, ಕಂಬಗಳು, ಟಿ.ಸಿ., ನೆಲದಡಿಯ ಕೇಬಲ್ಲಿನ ದಾರಿ ಇವನ್ನು ಕೆಂಪು ಗೆರೆಯಿಂದ ತೋರಿಸಿ. ಅಲ್ಯುಮಿನಿಯಂ ಪೈಪನ್ನು ನೆಟ್ಟಗೆ ಎತ್ತಿದಾಗ, ಮೆಣಸು ಕೊಯ್ಯುವ ಅಲ್ಯುಮಿನಿಯಂ ಏಣಿಯನ್ನು ಹೊತ್ತು ತಿರುಗಿದಾಗ ಮೇಲಿನ ತಂತಿಗೆ ತಾಗಿ ಕಾಫಿ ಸೀಮೆಯಲ್ಲಿ ಪ್ರಾಣ ಹೋದದ್ದುಂಟು. ಹೊರಗಿನಿಂದ ಬಂದ ಕೆಲಸಗಾರರಿಗೆ ಸೊಪ್ಪಿನ ಮರೆಯಲ್ಲಿರುವ ತಂತಿ ಕಾಣುವುದಿಲ್ಲ. ಈ ನಕಾಶೆಯ ಒಂದು ಪ್ರತಿಯನ್ನು ಮೇಸ್ತ್ರಿಗೆ ಕೊಟ್ಟು, ಯಾವ ಯಾವ ಪಟ್ಟೆಯಲ್ಲಿ ಏಣಿ ಹಾಕಬಾರದೆಂದು ಓಡಾಡಿ ತೋರಿಸತಕ್ಕದ್ದು.

ಕನ್ನಡದಲ್ಲಿ ಬರೆಯುವಾಗ

ತಂತ್ರಾಂಶದ ಆಯ್ಕೆಗಳು ಇಂಗ್ಲಿಷಿನಲ್ಲಿದ್ದರೂ ನಕ್ಷೆಯೊಳಗಿನ ವಿವರಣೆಗಳನ್ನು ಕನ್ನಡದಲ್ಲಿ ಬರೆಯುವುದೇ ಮೇಲು. ರಾತ್ರಿ ಪಾಳಿಯಲ್ಲಿರುವವನು ಓದಬೇಕಾದದ್ದು "ಕೆರೆ ದಂಡೆಯ ಸ್ಟಾಪ್ ಗುಂಡಿ" ಎಂದೇ. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ತೊಡಕಿಲ್ಲದೆ ಮೂಡಬೇಕೆಂದು 2007ರಲ್ಲಿ ತೀರಿಕೊಳ್ಳುವವರೆಗೂ ಹಟ ಹಿಡಿದಿದ್ದರು. ಇಂದು ಯೂನಿಕೋಡ್ ಅಕ್ಷರಗಳಿರುವುದರಿಂದ ಆ ತೊಡಕು ಬಹುಮಟ್ಟಿಗೆ ಹೋಗಿದೆ. ಆದರೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು. ಯೂನಿಕೋಡ್‌ನಲ್ಲೇ ಟೈಪು ಮಾಡಿ. ಮೊದಲು ಒಂದೆರಡು ಒತ್ತಕ್ಷರವಿರುವ ಪದ ಬರೆದು, ಪಿ.ಡಿ.ಎಫ್. ಮಾಡಿ, ಮೊಬೈಲಿನಲ್ಲಿ ತೆರೆದು ನೋಡಿದ ಮೇಲೆಯೇ ಮುಂದುವರಿಯುವುದು ಜಾಣತನ.

ಪುಟದ ಕೆಳಗಿನ ಶೀರ್ಷಿಕೆ ಪಟ್ಟಿಯಲ್ಲಿ ತೋಟದ ಹೆಸರು, ಯಾವ ಪಂಪು, ಬರೆದವರು, ದಿನಾಂಕ ಮತ್ತು ಎಷ್ಟನೆಯ ತಿದ್ದುಪಡಿ ಎಂಬುದು ಇರಬೇಕು. ದಿನಾಂಕವಿಲ್ಲದ ಎರಡು ನಕ್ಷೆಗಳು ಸಿಕ್ಕಿದರೆ ಯಾವುದು ಸರಿಯೆಂದು ಹೇಳಲು ಯಾರಿಂದಲೂ ಆಗದು. ಪೆಟ್ಟಿಗೆಯಲ್ಲಿ ಒಂದು ತಂತಿ ಬದಲಾದರೂ, ಕೆಲಸ ಮಾಡಿದವರ ಕೂಲಿ ಕೊಡುವ ಮುನ್ನ, ಅಚ್ಚಾದ ಪ್ರತಿಯ ಮೇಲೆ ಕೆಂಪು ಶಾಯಿಯಲ್ಲಿ ಅವರಿಂದಲೇ ಗುರುತು ಹಾಕಿಸಿ. ಕಂಪ್ಯೂಟರಿನಲ್ಲಿ ತಿದ್ದುವುದು ಆ ವಾರದೊಳಗೆ ಆದರೆ ಸಾಕು.

ನಕ್ಷೆ ಹಿಡಿದು ದೋಷ ಹುಡುಕುವುದು

ಮೊದಲು ಹೇಳಿದ ತೋಟಕ್ಕೆ ಮರುವರ್ಷ ಹೋದಾಗ ಪೆಟ್ಟಿಗೆಯ ಬಾಗಿಲಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಎರಡು ಹಾಳೆಗಳಿದ್ದವು. ಮಗಳು ರಜೆಗೆ ಬಂದಾಗ ಬರೆದುಕೊಟ್ಟಳಂತೆ. ಆ ಮಾರ್ಚಿನಲ್ಲೂ ಒಂದು ರಾತ್ರಿ ಪಂಪು ಕೈಕೊಟ್ಟಿತು. ಈ ಸಲ ಲಕ್ಷಣ ಬೇರೆ: ಗುಂಡಿ ಒತ್ತಿ ಹಿಡಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಕೊಪ್ಪದಲ್ಲಿದ್ದರು. ನಕ್ಷೆಯ ಪ್ರತಿ ಅವರ ಮೊಬೈಲಿನಲ್ಲೂ ಇತ್ತು.

"ಗೌಡ್ರೇ, ಎರಡನೇ ಹಾಳೆ ನೋಡಿ. ಮೂರು ಮತ್ತು ನಾಲ್ಕರ ಮಧ್ಯ ಕೆ1ರದ್ದು 13-14 ಇದೆಯಲ್ಲ, ಅದೇ ಹಿಡೀತಿಲ್ಲ. ಮೈನು ಆಫ್ ಮಾಡಿ, ಫ್ಯೂಸ್ ಕಿತ್ತಿಟ್ಟು, ಆ ಎರಡು ಸ್ಕ್ರೂ ಬಿಗಿ ಇದೆಯಾ ನೋಡಿ."

14ರ ಸ್ಕ್ರೂ ಸಡಿಲವಾಗಿತ್ತು. ಪಂಪಿನ ನಡುಕಕ್ಕೆ ಹೀಗಾಗುವುದುಂಟು.

ಗುಂಡಿ ಒತ್ತಿದರೂ ಸದ್ದೇ ಇಲ್ಲದಿದ್ದರೆ ಹುಡುಕುವ ಕ್ರಮ ಬೇರೆ. ಅದರಲ್ಲಿ ಕರೆಂಟು ಇರುವಾಗಲೇ ಅಳೆಯಬೇಕಾದ್ದರಿಂದ ಅದನ್ನು ಎಲೆಕ್ಟ್ರಿಷಿಯನ್ ಮಾತ್ರ ಮಾಡತಕ್ಕದ್ದು. ಅವರು ಮೀಟರಿನ ಒಂದು ತುದಿಯನ್ನು 0ಯಲ್ಲಿಟ್ಟು ಇನ್ನೊಂದನ್ನು 1, 2, 3 ಎಂದು ಒಂದೊಂದಕ್ಕೇ ತಾಗಿಸಿ, ಕೊನೆಗೆ ಸ್ಟಾರ್ಟ್ ಗುಂಡಿಯನ್ನು ಒತ್ತಿ ಹಿಡಿಸಿ 4ನ್ನೂ ನೋಡುತ್ತಾರೆ. ಎಲ್ಲಿ 415 ವೋಲ್ಟು ಮಾಯವಾಗುತ್ತದೆಯೋ ಅದರ ಹಿಂದಿನ ಬಿಡಿಭಾಗದಲ್ಲಿ ದೋಷ. 2ರಲ್ಲಿದ್ದು 3ರಲ್ಲಿ ಇಲ್ಲವೆಂದರೆ ಸ್ಟಾಪ್ ಗುಂಡಿ ಅಥವಾ ಅದರ ತಂತಿ. 1ರಲ್ಲಿದ್ದು 2ರಲ್ಲಿ ಇಲ್ಲವೆಂದರೆ ಓವರ್‌ಲೋಡ್ ಬಿದ್ದಿದೆ. 1ರಲ್ಲೇ ಇಲ್ಲದಿದ್ದರೆ ಹತೋಟಿ ಫ್ಯೂಸು ನೋಡಬೇಕು. ಮಳೆಗಾಲದ ನಂತರ ಕಾಂಟ್ಯಾಕ್ಟುಗಳ ನಡುವೆ ಇರುವೆ ಗೂಡು, ಸತ್ತ ಹಲ್ಲಿ ಸಿಗುವುದೂ ಅಪರೂಪವಲ್ಲ. ಮನೆಯ 230 ವೋಲ್ಟಿನ ಬಲ್ಬಿಗೆ ತಂತಿ ಕಟ್ಟಿ 415 ವೋಲ್ಟಿನ ಸರ್ಕ್ಯೂಟನ್ನು ಪರೀಕ್ಷಿಸುವ ಅಭ್ಯಾಸ ಕೆಲವರಲ್ಲಿದೆ. ಬಲ್ಬು ಮುಖದ ಮುಂದೆಯೇ ಒಡೆಯಬಹುದು, ಹಾಗೆ ಮಾಡಕೂಡದು.

ಅಭ್ಯಾಸಕ್ಕಾಗಿ ಮೊದಲು ಮನೆಯ ಹತ್ತಿರದ ಚಿಕ್ಕ ಪಂಪಿನ ಡಿ.ಓ.ಎಲ್. ಸ್ಟಾರ್ಟರಿನ ನಕ್ಷೆ ಬರೆದು ನೋಡಿ. ಒಂದು ಕಾಂಟ್ಯಾಕ್ಟರು, ಒಂದು ರಿಲೇ, ಎರಡು ಗುಂಡಿ. ಒಂದು ಸಂಜೆಯ ಕೆಲಸ. ಅದನ್ನು ಪೆಟ್ಟಿಗೆ ಕಂಡಿಲ್ಲದ ಇನ್ನೊಬ್ಬರ ಕೈಗೆ ಕೊಟ್ಟು, ತಂತಿ ಸಂಖ್ಯೆ 3 ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕೇಳಿ. ಅವರು ನಿಮ್ಮನ್ನು ಕೇಳದೆ ತೋರಿಸಿದರೆ ದೊಡ್ಡ ಪಂಪಿನ ಪೆಟ್ಟಿಗೆಗೆ ಕೈ ಹಾಕಬಹುದು. ನಕ್ಷೆ ಮುಗಿದ ಮೇಲೆ ಒಂದು ಪ್ರತಿ ಪೆಟ್ಟಿಗೆಯ ಬಾಗಿಲಿನಲ್ಲಿ, ಒಂದು ಮನೆಯ ಕಡತದಲ್ಲಿ, ಒಂದು ಎಲೆಕ್ಟ್ರಿಷಿಯನ್ ಬಳಿ ಇರಲಿ. ಮೂಲ ಕಡತವನ್ನು ಲ್ಯಾಪ್‌ಟಾಪಿನ ಜೊತೆಗೆ ಪೆನ್ ಡ್ರೈವಿನಲ್ಲೂ ಇಟ್ಟುಕೊಳ್ಳಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ಗಿನಲ್ಲಿದ್ದ ಲ್ಯಾಪ್‌ಟಾಪೂ ಹೋಗುತ್ತದೆ.